ಹೋಟೆಲ್ ಆಮೇಲೆ, ಹೊತ್ತು ಮೊದಲು: ತುಮಕೂರಲ್ಲಿ ಗೆಳೆಯರ ಜೊತೆ ಹೊರಗೆ ಊಟಕ್ಕೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

"ಭಾನುವಾರ ಎಲ್ಲಾದರೂ ಸೇರೋಣ" ಅಂತ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹಾಕುತ್ತಾರೆ. ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ. ಆಮೇಲೆ ಯಾರೋ "ಎಲ್ಲಿ?" ಅಂತ ಕೇಳುತ್ತಾರೆ ನೋಡಿ, ಅಲ್ಲಿಗೆ ಮುಗಿಯಿತು. ಒಬ್ಬರಿಗೆ ಬಿರಿಯಾನಿ ಬೇಕು, ಒಬ್ಬರಿಗೆ ಎ.ಸಿ. ಬೇಕು, ಒಬ್ಬರು "ನೀವು ಹೇಳಿದ್ದೇ ಸರಿ" ಅಂದು ಕೊನೆಗೆ ಏನನ್ನೂ ತಿನ್ನದೆ ಮುಖ ಊದಿಸಿಕೊಂಡು ಕೂರುತ್ತಾರೆ.

ಗುಂಪಿನ ಊಟ ಕೆಡುವುದು ಅಡುಗೆಯಿಂದ ಅಲ್ಲ. ಬಹಳ ಸಲ ಅದು ಕೆಡುವುದು ತಪ್ಪು ಹೊತ್ತಿಗೆ ಹೋಗಿದ್ದರಿಂದ, ಇಲ್ಲವೇ ಬಿಲ್ ಬಂದಾಗ ಮುಖ ಮುಖ ನೋಡಿಕೊಂಡಿದ್ದರಿಂದ. ತುಮಕೂರಿನಂಥ ಊರಲ್ಲಂತೂ ಒಂದೊಂದು ಹೋಟೆಲಿಗೆ ಒಂದೊಂದು ಹೊತ್ತಿದೆ. ಬೆಳಿಗ್ಗೆ ಎಂಟಕ್ಕೆ ಜನ ಮುಗಿಬೀಳುವ ಜಾಗದಲ್ಲಿ ಹನ್ನೊಂದಕ್ಕೆ ಹೋದರೆ ತಣ್ಣನೆ ಚಟ್ನಿ ಸಿಗುತ್ತದೆ, ಅಷ್ಟೇ. ಅದಕ್ಕೇ ನಾನು ಹೇಳುವುದು, "ಎಲ್ಲಿ" ಅನ್ನುವ ಮೊದಲು "ಎಷ್ಟು ಹೊತ್ತಿಗೆ" ಅಂತ ಕೇಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲು ಹೊತ್ತು ಗೊತ್ತು ಮಾಡಿ

ಬೆಳಗಿನ ಹೊತ್ತಾದರೆ ಜಾಸ್ತಿ ಯೋಚನೆಯೇ ಬೇಡ. ಕ್ಯಾತ್ಸಂದ್ರ, ತಟ್ಟೆ ಇಡ್ಲಿ. ಊರಿಂದ ಐದಾರು ಕಿಲೋಮೀಟರ್, ಬೆಂಗಳೂರು ದಿಕ್ಕಿಗೆ. ಅಲ್ಲಿ ಇಡ್ಲಿ ಹೋಟೆಲ್ ಒಂದೆರಡಲ್ಲ, ಯಾವುದಕ್ಕೆ ಹೋಗಬೇಕು ಅನ್ನುವುದರ ಬಗ್ಗೆ ತುಮಕೂರಿನವರ ನಡುವೆ ಮುಗಿಯದ ವಾದವಿದೆ. ನಾನು ಆ ವಾದಕ್ಕೆ ಇಳಿಯುವುದಿಲ್ಲ. ಜನ ಎಲ್ಲಿ ನಿಂತು ಕಾಯುತ್ತಿದ್ದಾರೋ ಅಲ್ಲಿ ನೀವೂ ನಿಲ್ಲಿ, ಯಾಕೆಂದರೆ ಜನ ಇದ್ದ ಕಡೆ ಇಡ್ಲಿ ಬೆಂದ ಹಾಗೇ ಖರ್ಚಾಗುತ್ತದೆ, ನಿಮ್ಮ ತಟ್ಟೆಗೆ ಬರುವುದು ಈಗಷ್ಟೇ ಇಳಿಸಿದ್ದು.

ಒಲೆ ಹತ್ತಿರ ಒಂದು ನಿಮಿಷ ನಿಂತು ನೋಡಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಎದ್ದು ಮುಂದೆ ನಿಂತವರ ಮುಖವೇ ಕಾಣುವುದಿಲ್ಲ. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳನ್ನು ಹೊರಗೆ ತೆಗೆದು, ಅಂಚಿನ ಸುತ್ತ ಚಮಚ ಆಡಿಸಿ, ಇಡ್ಲಿಯನ್ನು ಮಗುಚಿ ಹಾಕುತ್ತಾರೆ. ಆಗ ಅದರ ಅಡಿಯಲ್ಲಿ ಏನಿತ್ತು ಅಂತ ನೋಡಿಕೊಳ್ಳಿ. ಬಟ್ಟೆ ಇದ್ದರೆ ಸರಿ, ಎಣ್ಣೆ ಸವರಿದ ಬರೀ ತಟ್ಟೆ ಆದರೂ ಸರಿ. ಪ್ಲಾಸ್ಟಿಕ್ ಹಾಳೆ ಇದ್ದರೆ ಮಾತಾಡದೆ ಪಕ್ಕದ ಹೋಟೆಲಿಗೆ ನಡೆಯಿರಿ. ಬಿಸಿಗೆ ಪ್ಲಾಸ್ಟಿಕ್ಕಿನ ಕೆಟ್ಟ ಅಂಶ ಇಡ್ಲಿಗೆ ಇಳಿಯುತ್ತದೆ ಅನ್ನುವ ಕಾರಣಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯೇ ಇದನ್ನು ಬಳಸಬಾರದು ಅಂದಿದೆ.

ಮಹಾಶಿವರಾತ್ರಿ ಆಸುಪಾಸಿನಲ್ಲಿ ಸಿದ್ಧಗಂಗೆಯ ಜಾತ್ರೆ, ದನಗಳ ಜಾತ್ರೆ ನಡೆಯುವಾಗ ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಆ ದಿನಗಳಲ್ಲಿ ಎಂಟು ಜನರ ಗುಂಪು ಕಟ್ಟಿಕೊಂಡು ಇಡ್ಲಿಗೆ ಹೋಗುವ ಸಾಹಸ ಬೇಡ. ಹೋದರೆ ಜಾತ್ರೆಗೇ ಹೋಗಿ, ಮಠದ ದಾಸೋಹದಲ್ಲಿ ಪ್ರಸಾದ ಮಾಡಿಕೊಂಡು ಬನ್ನಿ. ಅಲ್ಲಿ ಯಾರು ಎತ್ತ ಅಂತ ಯಾರೂ ಕೇಳುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆ ಒಳ್ಳೆಯ ಹೊತ್ತು. ಒಂದೂಕಾಲು ಆದರೆ ಕೋರ್ಟು, ಡಿ.ಸಿ. ಆಫೀಸು, ಬ್ಯಾಂಕುಗಳ ಜನ ಒಟ್ಟಿಗೆ ಬರುತ್ತಾರೆ. ಅವರಿಗೆ ಅರ್ಧ ಗಂಟೆಯಲ್ಲಿ ಊಟ ಮುಗಿಸಿ ವಾಪಸ್ ಹೋಗಬೇಕು, ನಿಮಗೆ ಕೂತು ಹರಟೆ ಹೊಡೆಯಬೇಕು. ಒಂದೇ ಹಾಲಿನಲ್ಲಿ ಈ ಎರಡೂ ಹೊಂದುವುದಿಲ್ಲ. ನಿಮ್ಮ ಕುರ್ಚಿಯ ಹಿಂದೆ ಒಬ್ಬರು ಬ್ಯಾಗ್ ಹಿಡಿದು ಕಾಯುತ್ತಾ ನಿಂತಿದ್ದರೆ ತುತ್ತು ಇಳಿಯುತ್ತದಾ ಹೇಳಿ? ಹಾಗಂತ ಮೂರೂವರೆಗೆ ಹೋದರೆ ಅನ್ನ ಇರುತ್ತದೆ, ಪಲ್ಯ ಇರುವುದಿಲ್ಲ, ಹಪ್ಪಳವಂತೂ ಕೇಳಲೇಬೇಡಿ.

ಸಂಜೆ ಗೋಬಿ, ಚಾಟ್ಸ್, ಬಜ್ಜಿ, ಕಾಫಿ. ಈ ಹೊತ್ತಿನ ಒಂದು ಗುಣ ಏನೆಂದರೆ ಯಾರೂ ಹೊಟ್ಟೆ ತುಂಬ ತಿನ್ನಲು ಬಂದಿರುವುದಿಲ್ಲ, ಹಾಗಾಗಿ ಖರ್ಚು ಕಡಿಮೆ, ಮಾತು ಜಾಸ್ತಿ. ಕೈಯಲ್ಲಿ ದುಡ್ಡು ಕಮ್ಮಿ ಇರುವ ಕಾಲೇಜು ಹುಡುಗರಿಗೆ ಇದೇ ಸರಿಯಾದ ಹೊತ್ತು. ಆದರೆ ಗೋಬಿಯ ಬಣ್ಣ ನೋಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಅನ್ನುವ ಬಣ್ಣ ಹಾಕುವುದನ್ನು ನಿಷೇಧಿಸಿತು, ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೆ ಹಾಕುವ ಕೃತಕ ಬಣ್ಣವನ್ನೂ. ಹೂಕೋಸಿಗೆ ಮೆಣಸಿನಪುಡಿ, ಸಾಸ್ ಹಾಕಿದರೆ ಬರುವುದು ಕಂದುಗೆಂಪು. ತಿಂದ ಮೇಲೆ ಬೆರಳಿಗೆ ಕುಂಕುಮದ ಬಣ್ಣ ಅಂಟಿಕೊಂಡರೆ ಅದು ಮೆಣಸಿನಕಾಯಿಯ ಕೆಲಸ ಅಲ್ಲ.

ರಾತ್ರಿ ಊಟಕ್ಕೆ ಎಂಟು ಗಂಟೆ ಒಳಗೆ ಕೂತುಬಿಡಿ. ಒಂಬತ್ತಕ್ಕೆ ಮನೆ ಮಂದಿಯೆಲ್ಲ ಬರುತ್ತಾರೆ, ಹತ್ತರ ಮೇಲೆ ಅಡುಗೆಯವರಿಗೆ ಮನೆ ನೆನಪಾಗಿರುತ್ತದೆ. ಹತ್ತೂಕಾಲಿಗೆ ಹೇಳಿದ ರೊಟ್ಟಿ ಹೇಗಿರುತ್ತದೆ ಅಂತ ತಿಂದವರಿಗೆ ಗೊತ್ತು.

ಯಾರ ವಾರ, ಯಾರ ಉಪವಾಸ

ಎರಡನೇ ಕೆಲಸ, ಯಾರು ಏನು ತಿನ್ನುತ್ತಾರೆ ಅಂತ ಹಿಂದಿನ ದಿನವೇ ಕೇಳುವುದು. ನಮ್ಮ ಕಡೆ ಇದು ಬರೀ ವೆಜ್ಜು ನಾನ್‌ವೆಜ್ಜಿನ ಪ್ರಶ್ನೆ ಅಲ್ಲ. ಮಾಂಸ ತಿನ್ನುವವರೂ ಸೋಮವಾರ "ಇವತ್ತು ನಮ್ಮ ವಾರ" ಅನ್ನುತ್ತಾರೆ, ಇನ್ನೊಬ್ಬರಿಗೆ ಶನಿವಾರ. ಶ್ರಾವಣದಲ್ಲಿ ತಿಂಗಳು ಪೂರ್ತಿ ಬಿಡುವವರಿದ್ದಾರೆ. ಸಂಕಷ್ಟಿ ಮಾಡುವವರು ಚಂದ್ರ ಕಂಡ ಮೇಲೆಯೇ ಊಟ ಮಾಡುವುದು. ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಗೆಳೆಯರಿದ್ದರೆ ಸೂರ್ಯ ಮುಳುಗಿದ ಮೇಲಿನ ಹೊತ್ತಿಟ್ಟುಕೊಳ್ಳಿ, ಅವರು ಕರೆದುಕೊಂಡು ಹೋದ ಕಡೆ ನೀವು ಹೋಗಿ. ಜೈನರಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿದ್ದಾರೆ, ಅವರಿಗೆ ಕೊನೇ ಗಳಿಗೆಯಲ್ಲಿ ಮೊಸರನ್ನ ತೋರಿಸುವುದು ಚೆನ್ನಾಗಿರುವುದಿಲ್ಲ.

ಪೂರ್ತಿ ಸಸ್ಯಾಹಾರಿ ಒಬ್ಬರಿದ್ದು ಉಳಿದ ಐದು ಜನ ಮಾಂಸ ತಿನ್ನುವವರಾದರೆ ಏನು ಮಾಡುವುದು? "ಎರಡೂ ಸಿಗುವ ಕಡೆ ಹೋಗೋಣ" ಅನ್ನುವುದು ಸುಲಭದ ಮಾತು. ಆದರೆ ಕೇಳಿ ನೋಡಿ, ಕೆಲವರಿಗೆ ಪಕ್ಕದ ತಟ್ಟೆಯಲ್ಲಿ ಮೂಳೆ ಇದ್ದರೆ ಏನೂ ಅನ್ನಿಸುವುದಿಲ್ಲ, ಕೆಲವರಿಗೆ ಅಡುಗೆಮನೆ ಒಂದೇ ಅಂದರೂ ಆಗುವುದಿಲ್ಲ. ಎರಡನೆಯವರಿದ್ದರೆ ಆವತ್ತು ಎಲ್ಲರೂ ವೆಜ್ ಹೋಟೆಲಿಗೇ ಹೋಗಿ. ಒಂದು ಹೊತ್ತು ಕೋಳಿ ಇಲ್ಲದಿದ್ದರೆ ಯಾರೂ ಸೊರಗುವುದಿಲ್ಲ.

ಬೋರ್ಡ್ ನೋಡಿ ಹೋಟೆಲ್ ಆರಿಸಿ

ಹೊತ್ತು ಗೊತ್ತಾಯಿತು, ಜನ ಗೊತ್ತಾಯಿತು. ಈಗ ಹೋಟೆಲ್. ಮೊಬೈಲಿನಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಬೋರ್ಡ್ ಓದುವುದು ಮೇಲು.

ಬೋರ್ಡಿನಲ್ಲಿ ಮಿಲಿಟರಿ ಹೋಟೆಲ್ ಅಂತಿದ್ದರೆ ಅಲ್ಲಿ ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು, ಕಾಲು ಸೂಪು, ತಲೆಮಾಂಸ ಕೇಳಿ. ಅಲ್ಲಿ ಹೋಗಿ ಪನೀರ್ ಬಟರ್ ಮಸಾಲ ಕೇಳಬೇಡಿ. ಇಂಥ ಹೋಟೆಲು ಮಧ್ಯಾಹ್ನದವು, ಬೋಟಿ ಎರಡು ಗಂಟೆಗೆ ಖಾಲಿ. ಖಾನಾವಳಿ ಅಂತಿದ್ದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉತ್ತರ ಕರ್ನಾಟಕದಿಂದ ಓದಲು, ಕೆಲಸಕ್ಕೆ ಬಂದವರಿಗೆ ಇದು ಮನೆಯೂಟ, ಅವರು ತಿನ್ನುವ ಕಡೆ ನೀವೂ ತಿನ್ನಿ. ಉಡುಪಿ ಹೋಟೆಲಿನಲ್ಲಿ ಬೆಳಿಗ್ಗೆ ಸಂಜೆ ತಿಂಡಿ ಚೆನ್ನ. ಪಾವಗಡ, ಮಧುಗಿರಿ ಆಚೆಗೆ ಆಂಧ್ರ ಹತ್ತಿರ ಇರುವುದರಿಂದ ಆಂಧ್ರ ಮೆಸ್ಸಿನ ಪಪ್ಪು, ಗೋಂಗೂರ, ಪುಡಿ ಇಲ್ಲಿನ ನಾಲಿಗೆಗೆ ಹೊಸದೇನಲ್ಲ. ಖಾರ ತಡೆಯದ ಗೆಳೆಯರಿದ್ದರೆ ಮಾತ್ರ ಮೊದಲೇ ತುಪ್ಪ ತರಿಸಿಡಿ.

ಎಲ್ಲವೂ ಒಂದೇ ಬೋರ್ಡಿನಲ್ಲಿದ್ದರೆ, ಅಂದರೆ ಸೌತ್, ನಾರ್ತ್, ಚೈನೀಸ್, ತಂದೂರಿ, ಜ್ಯೂಸು, ಐಸ್‌ಕ್ರೀಮು, ಗುಂಪಿನಲ್ಲಿ ಯಾರಿಗೂ ಬೇಜಾರಾಗುವುದಿಲ್ಲ ನಿಜ, ಆದರೆ ಯಾರಿಗೂ ಖುಷಿಯೂ ಆಗುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಬಿಡಿ.

ಯಾವ ಬಡಾವಣೆ ಅನ್ನುವುದೂ ಮುಖ್ಯ. ಎಸ್.ಐ.ಟಿ. ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಸರಿಹೊಂದುವ ರೇಟಿನ ಮೆಸ್ಸು, ಚಾಟ್ಸ್, ಬಿರಿಯಾನಿ. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ ಕಡೆ ಮನೆ ಮಂದಿ ಕರೆದುಕೊಂಡು ಹೋಗುವಂಥವು, ಆದರೆ ಪಾರ್ಕಿಂಗ್ ಕಷ್ಟ. ಮಂಡಿಪೇಟೆ ಕಡೆ ವ್ಯಾಪಾರಿಗಳು, ಹಮಾಲರು ತಿನ್ನುವ ಸಣ್ಣ ಹೋಟೆಲುಗಳಿವೆ. ಅಲ್ಲಿ ಕುರ್ಚಿ ಕಮ್ಮಿ, ಅನ್ನದ ರಾಶಿ ದೊಡ್ಡದು, ನಾಲ್ಕು ಜನಕ್ಕಿಂತ ಜಾಸ್ತಿ ಹೋಗಬೇಡಿ. ಶಿರಾ ಗೇಟ್ ದಾಟಿ ಹೈವೇಗೆ ಬಿದ್ದರೆ ಢಾಬಾಗಳು, ಅಲ್ಲಿ ದೊಡ್ಡ ಗುಂಪಿಗೆ ಜಾಗವಿದೆ, ಜೋರಾಗಿ ನಕ್ಕರೂ ಯಾರೂ ತಿರುಗಿ ನೋಡುವುದಿಲ್ಲ. ಬೈಕಿನಲ್ಲಿ ಹೋಗುವವರು ರಾತ್ರಿ ಹೈವೇ ಲಾರಿಗಳನ್ನು ನೆನಪಿಟ್ಟುಕೊಂಡು ಹೋಗಿ.

ಒಳಗೆ ಹೋದ ತಕ್ಷಣ ಗೋಡೆ ನೋಡಿ. ಆಹಾರ ಸುರಕ್ಷತೆಯ ಲೈಸೆನ್ಸ್ ಅಥವಾ ನೋಂದಣಿ ಕಾಗದ ಕಾಣುವಂತೆ ಹಾಕಿರಬೇಕು, ಅದರಲ್ಲಿ 14 ಅಂಕಿಯ ನಂಬರ್ ಇರುತ್ತದೆ. 2022ರ ಜನವರಿಯಿಂದ ಆ ನಂಬರ್ ಬಿಲ್ಲಿನ ಮೇಲೂ ಇರಬೇಕು. ಅದಕ್ಕಿಂತ ಬೇಗ ಗೊತ್ತಾಗುವುದು ಕೈ ತೊಳೆಯುವ ಜಾಗದಿಂದ. ಅಲ್ಲಿ ಸೋಪಿಲ್ಲ, ನೀರು ನಿಂತಿದೆ ಅಂದರೆ ಅಡುಗೆಮನೆ ಹೇಗಿರಬಹುದು ಅಂತ ನೀವೇ ಊಹಿಸಿ.

ಒಬ್ಬರಿಗೆ ಉಸ್ತುವಾರಿ ಕೊಡಿ

ಗುಂಪಿನಲ್ಲಿ ಒಬ್ಬರು ಮುಂದೆ ನಿಂತು ನಡೆಸಬೇಕು. ಅವರೇ ಹೋಟೆಲಿಗೆ ಫೋನ್ ಮಾಡುವುದು, ಅವರೇ ಆರ್ಡರ್ ಹೇಳುವುದು, ಅವರೇ ಬಿಲ್ ನೋಡುವುದು. ಪ್ರತಿ ಸಲ ಬೇರೆಯವರಾದರೆ ಯಾರಿಗೂ ಹೊರೆ ಆಗುವುದಿಲ್ಲ.

ಆರು ಜನ ಮೀರಿದರೆ ಒಂದು ಫೋನ್ ಮಾಡಿ. ಬಡಾವಣೆಯ ಸಣ್ಣ ಹೋಟೆಲಿನಲ್ಲಿ "ಬುಕಿಂಗ್ ಇಲ್ಲ ಸಾರ್" ಅನ್ನುತ್ತಾರೆ, ಆದರೂ "ಎಂಟು ಜನ ಬರ್ತಿದ್ದೀವಿ ಅಣ್ಣ, ಎಷ್ಟು ಹೊತ್ತಿಗೆ ಬಂದ್ರೆ ಒಟ್ಟಿಗೆ ಕೂರಬಹುದು?" ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಅಡುಗೆಯವರಿಗೂ ಸುಳಿವು ಸಿಗುತ್ತದೆ. ಹೋದ ಮೇಲೆ ಎರಡು ಟೇಬಲ್ ಜೋಡಿಸುವ ಮುಂಚೆ ಒಂದು ಮಾತು ಕೇಳಿ. ನೀವೇ ಎಳೆದು ದಾರಿ ಮುಚ್ಚಿದರೆ ಸಾಂಬಾರ್ ಬಕೆಟ್ ಹಿಡಿದವರು ನಿಮ್ಮ ಬೆನ್ನ ಹಿಂದೆಯೇ ಓಡಾಡಬೇಕಾಗುತ್ತದೆ.

ಎ.ಸಿ. ಹಾಲಿನ ರೇಟು ಬೇರೆ ಇರುತ್ತದೆ. ಒಂದೇ ಅಡುಗೆಮನೆ, ಒಂದೇ ದೋಸೆ, ಬೆಲೆ ಮಾತ್ರ ಜಾಸ್ತಿ. ಏಪ್ರಿಲ್ ಬಿಟ್ಟರೆ ತುಮಕೂರಲ್ಲಿ ಫ್ಯಾನ್ ಸಾಕು.

ಆರ್ಡರ್ ಮಾಡುವ ಕ್ರಮ

ಮೆನು ಕಾರ್ಡ್ ಕೈಯಿಂದ ಕೈಗೆ ಸುತ್ತುತ್ತಾ ಹೋದರೆ ಇಪ್ಪತ್ತು ನಿಮಿಷ ಅಲ್ಲೇ ಹೋಗುತ್ತದೆ. ಅದರ ಬದಲು ಸಪ್ಲೈಯರ್ ಬಂದ ತಕ್ಷಣ "ಇವತ್ತು ಏನಿದೆ ಅಣ್ಣ?" ಅಂತ ಕೇಳಿ. "ಏನು ಚೆನ್ನಾಗಿದೆ?" ಅಂತ ಕೇಳಿದರೆ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ, ಇನ್ನೇನು ಹೇಳಬೇಕು ಪಾಪ. ಆದರೆ ಇವತ್ತಿನದು ಏನು ಅಂದರೆ ಈಗ ಒಲೆ ಮೇಲಿರುವುದರ ಹೆಸರು ಬಾಯಿಗೆ ಬರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅವರೆ ಕಾಲ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು ಯಾವ ಕಾರ್ಡಿನಲ್ಲೂ ಅಚ್ಚಾಗಿರುವುದಿಲ್ಲ, ಕೇಳಿದವರಿಗೆ ಸಿಗುತ್ತದೆ. ಉಳಿದ ಕಾಲದಲ್ಲಿ ಬಸ್ಸಾರು, ಮಸ್ಸೊಪ್ಪು, ಮೊಳಕೆ ಹುರಳಿಕಾಳಿನ ಸಾರು, ಉಪ್ಪುಸಾರು ಕೇಳಿ ನೋಡಿ.

ಮೊದಲ ಸುತ್ತಿಗೆ ನಿಮ್ಮ ಹಸಿವಿನ ಅರ್ಧ ಹೇಳಿ. ಆರು ಜನಕ್ಕೆ ಎರಡು ಸ್ಟಾರ್ಟರ್ ಸಾಕು. ಸೂಪ್ ಬೈ ಟೂ, ಕೊನೆಗೆ ಕಾಫಿಯೂ ಬೈ ಟೂ. ಬಿರಿಯಾನಿ ಆದರೆ ಮೂರು ಜನಕ್ಕೆ ಎರಡು ತರಿಸಿ, ಸಾಲದಿದ್ದರೆ ಇನ್ನೊಂದು ಹೇಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ತರಿಸಿ ತಟ್ಟೆಯಲ್ಲಿ ಬಿಟ್ಟು ಎದ್ದು ಬರುವುದು ನನಗೆ ಸುತರಾಂ ಆಗದ ವಿಷಯ.

ದೋಸೆ ಹೇಳುವವರು ಒಂದು ತಿಳಿದಿರಲಿ. ಆರು ಮಸಾಲೆ ದೋಸೆ ಒಟ್ಟಿಗೆ ಹೇಳಿದರೂ ಕಾವಲಿ ಮೇಲೆ ಎಷ್ಟು ಹಿಡಿಯುತ್ತದೋ ಅಷ್ಟೇ ಬರುವುದು. ಮೊದಲು ಬಂದ ಮೂರನ್ನು "ಎಲ್ಲರದೂ ಬರಲಿ" ಅಂತ ಇಟ್ಟುಕೊಂಡು ಕೂತರೆ ಗರಿಗರಿ ಹೋಗಿ ತೊಗಲಾಗುತ್ತದೆ. ಬಂದ ಹಾಗೇ ಮುರಿದು ಹಂಚಿಕೊಂಡು ತಿನ್ನಿ. ಆಗ ಆರೂ ಜನಕ್ಕೆ ಎಲ್ಲಾ ದೋಸೆಯೂ ಬಿಸಿಯೇ.

ಮುದ್ದೆಗೆ ಬೇರೆ ಲೆಕ್ಕ. ಮುದ್ದೆಯನ್ನು ಸಾರಿಗಿಂತ ಮೊದಲು ತರಿಸಬೇಡಿ, ಒಂದೇ ಸಲಕ್ಕೆ ಎರಡೆರಡು ಹಾಕಿಸಿಕೊಳ್ಳಲೂ ಬೇಡಿ. ತಣ್ಣಗಾದ ಮುದ್ದೆ ಕಲ್ಲಿನ ಹಾಗೆ. ಸಾರು ತಟ್ಟೆಗೆ ಬಿದ್ದ ಮೇಲೆ ಒಂದು, ಅದು ಮುಗಿಯುವಾಗ ಇನ್ನೊಂದು. ಹೊರಗಿನಿಂದ ಬಂದ ಗೆಳೆಯರು ಜೊತೆಗಿದ್ದರೆ ತಿನ್ನುವುದನ್ನೂ ಹೇಳಿಕೊಡಬೇಕು, ಇಲ್ಲದಿದ್ದರೆ ಅವರು ಚಮಚ ಕೇಳುತ್ತಾರೆ. ಅಂಚಿನಿಂದ ಶುರು ಮಾಡಲಿ, ನಡುವೆ ಕೈ ಹಾಕಿದರೆ ಬೆರಳು ಸುಡುತ್ತದೆ. ಬೆರಳ ತುದಿಯನ್ನು ಸಾರಿಗೆ ತಾಗಿಸಿ ಒಂದು ಸಣ್ಣ ತುಂಡು ಮುರಿದು, ಗುಂಡಗೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮೊದಲ ಎರಡು ತುತ್ತಿಗೆ ಕಣ್ಣು ಬಿಡುತ್ತಾರೆ, ಮೂರನೆಯದಕ್ಕೆ ಸಾರು ಇನ್ನೂ ಸ್ವಲ್ಪ ಹಾಕಿಸಿ ಅನ್ನುತ್ತಾರೆ.

ಬಡಿಸುವವರನ್ನು "ಅಣ್ಣ", "ಅಕ್ಕ" ಅಂತ ಕರೆಯಿರಿ. ಚಿಟಿಕೆ ಹೊಡೆಯುವುದು, ಲೋಟ ಕುಟ್ಟುವುದು ಮಾಡಬೇಡಿ. ಟೇಬಲ್ ಒರೆಸುವ ಹುಡುಗನಿಗೂ ಅದೇ ಮರ್ಯಾದೆ.

ಬಿಲ್ ಓದುವುದು

ಇದು ಎಲ್ಲರೂ ಬಿಟ್ಟುಬಿಡುವ ಕೆಲಸ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಿಲ್ ಬಂದಾಗ ಮೊದಲು ಐಟಂ ಎಣಿಸಿ. ನೀವು ತರಿಸದ ನೀರಿನ ಬಾಟಲಿ, ಬೇಡ ಅಂದು ವಾಪಸ್ ಕಳಿಸಿದ ರೊಟ್ಟಿ ಅಲ್ಲಿ ಕೂತಿರುತ್ತವೆ. ಬಹಳ ಸಲ ಅದು ಮೋಸ ಅಲ್ಲ, ಗಡಿಬಿಡಿ. ನಗುತ್ತಾ ಹೇಳಿದರೆ ತೆಗೆಯುತ್ತಾರೆ.

ಆಮೇಲೆ ತೆರಿಗೆ. ಮಾಮೂಲಿ ಹೋಟೆಲ್ ಊಟಕ್ಕೆ ಜಿ.ಎಸ್.ಟಿ. ಶೇ. 5. ಅದನ್ನು ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5 ಅಂತ ಎರಡು ಸಾಲಿನಲ್ಲಿ ತೋರಿಸುತ್ತಾರೆ. ಆರು ಜನ ತಿಂದಿದ್ದು 1,840 ರೂಪಾಯಿ ಅಂದುಕೊಳ್ಳಿ. 46 ಮತ್ತು 46 ಸೇರಿ 92, ಒಟ್ಟು 1,932. ತೆರಿಗೆ ಹಾಕಿದ್ದಾರೆ ಅಂದರೆ ಬಿಲ್ಲಿನ ಮೇಲೆ ಹೋಟೆಲಿನ ಜಿ.ಎಸ್.ಟಿ. ನಂಬರ್ ಇರಲೇಬೇಕು. 15 ಅಕ್ಷರ ಮತ್ತು ಅಂಕಿ, ಕರ್ನಾಟಕದ್ದಾದರೆ ಶುರುವಾಗುವುದು 29ರಿಂದ. ಎಷ್ಟೋ ಸಣ್ಣ ಹೋಟೆಲುಗಳು ಕಾಂಪೋಸಿಷನ್ ಯೋಜನೆಯಲ್ಲಿರುತ್ತವೆ. ಅವು ತಮ್ಮ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುತ್ತವೆ, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಹಾಗಂತ ಬಿಲ್ಲಿನಲ್ಲೇ ಬರೆದಿರಬೇಕು. ಕೈಯಲ್ಲಿ ಗೀಚಿಕೊಟ್ಟ ಚೀಟಿಯಲ್ಲಿ ನಂಬರೇ ಇಲ್ಲದೆ ಬರೀ "ಜಿ.ಎಸ್.ಟಿ." ಅಂತ ಒಂದು ಸಾಲಿದ್ದರೆ ಕೇಳಿ.

ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ನಮ್ಮ ಬಡಾವಣೆ ಹೋಟೆಲುಗಳಲ್ಲಿ ಇದು ಅಪರೂಪ, ದೊಡ್ಡ ಜಾಗಕ್ಕೆ ಹೋದಾಗ ಎದುರಾಗುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂದಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೇಲಿನ ಬಿಲ್ಲಿಗೇ ಶೇ. 10 ಸೇರಿಸಿದರೆ 184, ಅದರ ಮೇಲೂ ಜಿ.ಎಸ್.ಟಿ. ಬಿದ್ದು ಒಟ್ಟು 2,125 ರೂಪಾಯಿ 20 ಪೈಸೆ. ಅಂದರೆ 193 ರೂಪಾಯಿ ಸುಮ್ನೆ ಹೋಯಿತು. "ತೆಗೆದುಬಿಡಿ" ಅಂದರೆ ತೆಗೆಯಬೇಕು. ಆ ದುಡ್ಡಲ್ಲಿ ಸ್ವಲ್ಪವನ್ನಾದರೂ ಬಡಿಸಿದವರ ಕೈಗೇ ಕೊಡಿ. ಸೋಂಪಿನ ಬಟ್ಟಲಲ್ಲಿ ಬಿಟ್ಟರೆ ಯಾರಿಗೆ ಸೇರುತ್ತದೋ ಏನೋ.

ನೀರಿನ ಬಾಟಲಿಗೆ ಮುದ್ರಿತ ಬೆಲೆಗಿಂತ ಜಾಸ್ತಿ ಹಾಕಿದ್ದಾರೆ ಅಂತ ಜಗಳಕ್ಕೆ ನಿಲ್ಲುವವರನ್ನು ನೋಡಿರುತ್ತೀರಿ. ಕೂರಿಸಿ ಬಡಿಸುವ ಹೋಟೆಲು ಹಾಗೆ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲೇ ಹೇಳಿದೆ. ಬಾಟಲಿಯೇ ಬೇಡ ಅನ್ನಿ, ಬಿಸಿನೀರು ಕೇಳಿ, ಕೊಡುತ್ತಾರೆ.

ಬಾರ್ ಅಂಡ್ ರೆಸ್ಟೋರೆಂಟ್ ಆದರೆ ಕುಡಿದದ್ದಕ್ಕೂ ತಿಂದದ್ದಕ್ಕೂ ಬೇರೆ ಬೇರೆ ಬಿಲ್ ಮಾಡಿಸಿ. ಮದ್ಯ ಜಿ.ಎಸ್.ಟಿ.ಯ ಹೊರಗಿದೆ, ಬಿಯರಿನ ಮೇಲೆ ಶೇ. 5 ಹಾಕಿದ್ದರೆ ಅದು ತಪ್ಪು. ಕುಡಿಯದವರಿಗೆ ಕುಡಿದವರ ಲೆಕ್ಕ ಅಂಟದಿರಲು ಇದೇ ಉಪಾಯ. ಗಾಡಿ ಓಡಿಸುವವರು ಮೊದಲೇ ಗೊತ್ತಾಗಿರಲಿ, ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ದುಡ್ಡು ಹಂಚಿಕೊಳ್ಳುವುದು

ಹೋಗುವ ಮೊದಲೇ ತಲೆಗೆ ಇಷ್ಟು ಅಂತ ಒಂದು ಅಂದಾಜು ಹೇಳಿಬಿಡಿ. ಗುಂಪಿನಲ್ಲಿ ಒಬ್ಬರು ಬೆಂಗಳೂರಲ್ಲಿ ಸಾಫ್ಟ್‌ವೇರ್, ಇನ್ನೊಬ್ಬರು ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್, ಮತ್ತೊಬ್ಬರು ಇನ್ನೂ ಪರೀಕ್ಷೆಗೆ ಓದುತ್ತಿದ್ದಾರೆ. ಮೂವರ ಜೇಬೂ ಒಂದೇ ಅಲ್ಲ. "ನನಗೆ ಹಸಿವಿಲ್ಲ" ಅನ್ನುವ ಗೆಳೆಯನಿಗೆ ನಿಜಕ್ಕೂ ಹಸಿವಿಲ್ಲವೋ, ಮೆನುವಿನ ಬಲಗಡೆ ನೋಡಿ ಹಸಿವು ಹೋಯಿತೋ ಅಂತ ತಿಳಿಯುವಷ್ಟಾದರೂ ಸ್ನೇಹ ಇರಬೇಕಲ್ವಾ? ಹಾಗಾಗಿ ಕಡಿಮೆ ಜೇಬಿನವರಿಗೆ ಹೊಂದುವ ಹೋಟೆಲನ್ನೇ ಆರಿಸಿ, ಆಮೇಲೆ ಸಮನಾಗಿ ಹಂಚಿ. ಒಬ್ಬರು ಮಟನ್ ತಿಂದು ಒಬ್ಬರು ಬರೀ ಅನ್ನ ಸಾರು ತಿಂದಿದ್ದರೆ ಸಮಪಾಲು ನ್ಯಾಯ ಅಲ್ಲ, ಆಗ ಅವರವರದು ಅವರವರಿಗೆ. ಹುಟ್ಟುಹಬ್ಬದವರು ಕೊಡಿಸುತ್ತಾರೆ ಅಂದರೆ ಎಲ್ಲರಿಗೂ ಕೊಡಿಸಲಿ, ಇಲ್ಲ ಅಂದರೆ ಅವರ ಪಾಲನ್ನು ಉಳಿದವರು ಹಾಕಿಕೊಳ್ಳಿ.

ಒಬ್ಬರು ಪೂರ್ತಿ ಕಟ್ಟಲಿ, ಉಳಿದವರು ಟೇಬಲ್ ಬಿಟ್ಟು ಏಳುವ ಮೊದಲೇ ಯು.ಪಿ.ಐ.ನಲ್ಲಿ ಕಳಿಸಲಿ. ಮನೆಗೆ ಹೋಗಿ ಕಳಿಸುತ್ತೇನೆ ಅಂದವರ ದುಡ್ಡು ಮುಂದಿನ ಊಟದವರೆಗೂ ಬರುವುದಿಲ್ಲ. ಕೈಯಲ್ಲಿ ನೋಟೂ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನರ್ ಮಾಯವಾಗಿ "ಕ್ಯಾಶ್ ಮಾತ್ರ" ಅನ್ನುವ ಚೀಟಿ ಬಂತು. ತಳ್ಳುಗಾಡಿ, ಸಣ್ಣ ಹೋಟೆಲುಗಳಲ್ಲಿ ಆಮೇಲೂ ನೋಟಿಗೇ ಖುಷಿಪಡುವವರಿದ್ದಾರೆ. ಎರಡು ಐನೂರರ ನೋಟಿಗಿಂತ ಹತ್ತು ನೂರರ ನೋಟು ಉಪಯೋಗಕ್ಕೆ ಬರುತ್ತದೆ.

ಉಳಿದದ್ದನ್ನು ಪಾರ್ಸೆಲ್ ಮಾಡಿಸುವುದಾದರೆ ಡಬ್ಬಿಯ ದುಡ್ಡು ಬೇರೆ. ಕುದಿಯುವ ಸಾರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ, ಸ್ಕೂಟರಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡರೆ ಆಯಿತು.

ಊಟ ಸರಿ ಇಲ್ಲದಿದ್ದರೆ

ಹುಳಿ ಬಂದ ಸಾರು, ಹಳೇ ಎಣ್ಣೆಯ ವಾಸನೆ, ಕೂದಲು ಸಿಕ್ಕರೆ ಅಲ್ಲೇ ಕೈ ನಿಲ್ಲಿಸಿ. ಮುಕ್ಕಾಲು ತಿಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಮೊದಲು ಬಡಿಸಿದವರಿಗೆ ಹೇಳಿ, ಆಗದಿದ್ದರೆ ಗಲ್ಲಾದಲ್ಲಿ ಕೂತವರಿಗೆ. ಆರು ಜನ ಒಟ್ಟಿಗೆ ಕೂಗಾಡಬೇಡಿ, ಒಬ್ಬರು ಮಾತಾಡಿ. ಹೆಚ್ಚಿನವರು ಬದಲಿಸಿ ಕೊಡುತ್ತಾರೆ, ಇಲ್ಲವೇ ಬಿಲ್ಲಿನಿಂದ ತೆಗೆಯುತ್ತಾರೆ. ಬಿಲ್ಲಿನ ವಿಷಯಕ್ಕೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ತಿಂದು ನಾಲ್ಕು ಜನಕ್ಕೆ ಹೊಟ್ಟೆ ಕೆಟ್ಟರೆ ಅದು ಆಹಾರ ಸುರಕ್ಷತಾ ಅಧಿಕಾರಿಗೆ ಹೋಗಬೇಕಾದ ದೂರು.

ಬೆಂಗಳೂರಿಗೇ ಹೋಗೋಣ ಅಂದರೆ

ಯಾವ ಗುಂಪಿನಲ್ಲೂ ಒಬ್ಬರಾದರೂ ಇದನ್ನು ಹೇಳುತ್ತಾರೆ. 70 ಕಿಲೋಮೀಟರ್, ಹೋಗಬಹುದು. ಆದರೆ ಕಾರಿನಲ್ಲಿ ಊರೊಳಗೆ ನುಗ್ಗಬೇಡಿ. ಪ್ಯಾಸೆಂಜರ್ ರೈಲು ಹತ್ತಿದರೆ ಮಲ್ಲೇಶ್ವರದಲ್ಲೇ ಇಳಿಯಬಹುದು. ಅಲ್ಲಿಂದ ಸಿ.ಟಿ.ಆರ್.ನ ಬೆಣ್ಣೆ ಮಸಾಲೆ, ವೀಣಾ ಸ್ಟೋರ್ಸಿನ ಇಡ್ಲಿ ಎರಡೂ ದೂರವಲ್ಲ. ಕಾರೇ ಬೇಕು ಅಂದರೆ ಮಾದಾವರದಲ್ಲಿ ಬಿಟ್ಟು ಮೆಟ್ರೋ ಹತ್ತಿ. ನಾಗಸಂದ್ರದಿಂದ ಅಲ್ಲಿಯವರೆಗೆ 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಬಂದ ಮೇಲೆ ತುಮಕೂರು ಕಡೆಯವರಿಗೆ ತುಂಬಾ ಅನುಕೂಲವಾಗಿದೆ. ಟೋಲ್ ದುಡ್ಡೂ ಊಟದ ಲೆಕ್ಕಕ್ಕೇ ಸೇರಲಿ, ಕಾರಿನವರ ತಲೆಗೆ ಕಟ್ಟಬೇಡಿ.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ವಿ.ವಿ. ಪುರಂನ ತಿಂಡಿ ಬೀದಿ ನಡೆಯುವಷ್ಟು ಹತ್ತಿರ. ಅದು ಸಂಜೆಯ ಬೀದಿ, ಮಧ್ಯಾಹ್ನ ಹೋದರೆ ಏನೂ ಇರುವುದಿಲ್ಲ. ಅಲ್ಲಿ ಒಬ್ಬೊಬ್ಬರು ಒಂದೊಂದು ಅಂಗಡಿ ಮುಂದೆ ನಿಂತು, ತಂದಿದ್ದನ್ನು ಹಂಚಿಕೊಂಡು ತಿಂದರೆ ಹೊಟ್ಟೆಗೂ ಜೇಬಿಗೂ ಹಗುರ. ಬೆಳಿಗ್ಗೆ ಹೋದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ನಿಂತೇ ಇಡ್ಲಿ ವಡೆ. ಅಲ್ಲಿ ಸಾಂಬಾರ್ ಕೇಳಬೇಡಿ, ಚಟ್ನಿ ಮಾತ್ರ. 1943ರಿಂದ ಇರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, 1924ರಲ್ಲಿ ಶುರುವಾದ ಎಂ.ಟಿ.ಆರ್.ನ ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಸೋಮವಾರ ರಜೆ. ಭಾನುವಾರ ಎರಡೂ ಕಡೆ ಹೆಸರು ಬರೆಸಿ ಕಾಯಬೇಕು, ಹಸಿವಾಗುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ ಹೆಸರು ಕೊಡಿ. ವಾಪಸ್ ಬರುವ ರೈಲಿನ ಹೊತ್ತು ಹೋಗುವಾಗಲೇ ನೋಡಿಕೊಂಡು, ಅದಕ್ಕೆ ಒಂದೂವರೆ ಗಂಟೆ ಮೊದಲು ಬಿಲ್ ತರಿಸಿ.